ಪಿಸ್ತೂಲು ಕೊನೆಗೆ ತಗೊಳ್ರಿ: ಶೂಟಿಂಗ್ ಶುರು ಮಾಡೋರಿಗೆ ಮೊದಲ ಪಾಠ

ಮುಂಡರಗಿಯಲ್ಲಿ ನಮ್ಮ ಗೆಳೆಯನೊಬ್ಬನ ಮನೆ ತಿಜೋರಿ ಮೇಲೆ ಒಂದು ಕಪ್ಪು ಡಬ್ಬಿ ಇದೆ. ಅದರೊಳಗೆ ಸ್ಪ್ರಿಂಗ್ ಇರುವ ಏರ್ ಪಿಸ್ತೂಲು. ಎರಡನೇ ವರ್ಷದಲ್ಲಿದ್ದಾಗ ನಾವು ನಾಲ್ಕು ಜನ ದುಡ್ಡು ಕೂಡಿಸಿ ಕೊಂಡದ್ದು: ಬೆಟಗೇರಿಯವ, ಲಕ್ಷ್ಮೇಶ್ವರದವಳು, ಶಿರಹಟ್ಟಿಯವ, ಮುಂಡರಗಿಯವ. ಹೆಚ್ಚಿನ ಪಾಲು ಮುಂಡರಗಿಯವನದೇ. ಆ ವರ್ಷ ಅವರಪ್ಪನ ಉಳ್ಳಾಗಡ್ಡಿಗೆ ಒಳ್ಳೇ ರೇಟ್ ಬಂದಿತ್ತು. ಫೀ ಕಟ್ಟಿ ಉಳಿದದ್ದನ್ನು ಮಗನ ಕೈಗೆ ಕೊಟ್ಟು, "ಏನರ ಛಲೋದು ಕಲೀರಿ" ಅಂದಿದ್ದರು.

ನಾವು ಒಂದು ಡಬ್ಬಿ ಪೆಲೆಟ್ ಹೊಡೆದು ಮುಗಿಸಿದೆವು. ಆಮೇಲೆ ಆ ಪಿಸ್ತೂಲು ತಿಜೋರಿ ಹತ್ತಿ ಕೂತದ್ದು ಇವತ್ತಿಗೂ ಇಳಿದಿಲ್ಲ.

ಈ ಲೇಖನ ಬರೆಯೋಕೆ ಅದೇ ಕಾರಣ. ನಮ್ಮ ಕ್ಯಾಂಪಸ್ಸಿನಲ್ಲಿ ಶೂಟಿಂಗ್ ಬಗ್ಗೆ ಕೇಳುವವರು ಹೆಚ್ಚಾಗಿದ್ದಾರೆ. ಎಲ್ಲರ ಮೊದಲ ಪ್ರಶ್ನೆ ಒಂದೇ: "ಯಾವ ಪಿಸ್ತೂಲ್ ತಗೋಬೇಕು?" ನಮ್ಮ ಉತ್ತರವೂ ಒಂದೇ: ಸದ್ಯಕ್ಕೆ ಯಾವುದೂ ಬೇಡ. ಯಾಕೆ ಬೇಡ, ಬದಲಿಗೆ ಏನು ಮಾಡಬೇಕು, ಕೊನೆಗೆ ತಗೊಳ್ಳೋ ದಿನ ಏನು ನೋಡಬೇಕು ಅನ್ನೋದನ್ನ ಒಂದೊಂದಾಗಿ ಹೇಳ್ತೀವಿ.

ಯೂಟ್ಯೂಬಿನಲ್ಲಿ ಕಂಡ ಆಟ

ನಮಗೆ ಹುಚ್ಚು ಹಿಡಿಸಿದ್ದು ಪ್ರಾಕ್ಟಿಕಲ್ ಶೂಟಿಂಗ್ ವಿಡಿಯೋಗಳು. ಸೊಂಟದ ಹೋಲ್ಸ್ಟರಿನಿಂದ ಪಿಸ್ತೂಲು ಎಳೆದು, ಓಡುತ್ತಾ, ತಿರುಗುತ್ತಾ, ಮ್ಯಾಗಜಿನ್ ಬದಲಿಸುತ್ತಾ ರಟ್ಟಿನ ಗುರಿಗಳಿಗೆ ಹೊಡೆಯುವ ಆಟ. ಅದರ ಅಂತರರಾಷ್ಟ್ರೀಯ ಸಂಸ್ಥೆ ಐಪಿಎಸ್‌ಸಿ. 1976ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾ ಊರಿನಲ್ಲಿ ಹುಟ್ಟಿತು, ಮೊದಲ ಅಧ್ಯಕ್ಷರು ಜೆಫ್ ಕೂಪರ್. ಅವರ ಧ್ಯೇಯವಾಕ್ಯ ಲ್ಯಾಟಿನ್ನಿನ ಮೂರು ಪದ. ನಿಖರತೆ, ಶಕ್ತಿ, ವೇಗ ಅಂತ ಅದರ ಅರ್ಥ.

ಇಂಜಿನಿಯರಿಂಗ್ ಓದುವವರಿಗೆ ಈ ಆಟದ ಅಂಕದ ಲೆಕ್ಕ ಬಹಳ ಹಿಡಿಸುತ್ತೆ. ಗಳಿಸಿದ ಅಂಕವನ್ನು ತಗೊಂಡ ಸೆಕೆಂಡುಗಳಿಂದ ಭಾಗಿಸುತ್ತಾರೆ, ಬಂದದ್ದೇ ಹಿಟ್ ಫ್ಯಾಕ್ಟರ್. ಗುರಿಯ ನಡುವಿನ ಎ ವಲಯಕ್ಕೆ 5 ಅಂಕ, ಸಾಧಾರಣ ಶಕ್ತಿಯ ಗುಂಡಾದರೆ ಸಿ ವಲಯಕ್ಕೆ 3, ಡಿ ವಲಯಕ್ಕೆ 1. ಗುರಿ ತಪ್ಪಿದರೆ 10 ಕಳೆಯುತ್ತಾರೆ.

12 ಗುಂಡಿನ ಒಂದು ಹಂತ ತಗೊಳ್ಳಿ. ಮೊದಲನೆಯವ ನಿಧಾನಕ್ಕೆ ಹನ್ನೆರಡೂ ಎ ವಲಯಕ್ಕೇ ಹೊಡೆದ. 60 ಅಂಕ, 15 ಸೆಕೆಂಡು, ಹಿಟ್ ಫ್ಯಾಕ್ಟರ್ 4. ಎರಡನೆಯವಳು 9 ಎ, 3 ಸಿ ಹೊಡೆದಳು. 54 ಅಂಕ, 12 ಸೆಕೆಂಡು, 4.5. ಅವಳೇ ಮುಂದೆ. ಮೂರನೆಯವನೂ 12 ಸೆಕೆಂಡಿನಲ್ಲೇ ಮುಗಿಸಿದ. 11 ಎ, ಆದರೆ ಒಂದು ಗುಂಡು ಗುರಿಗೇ ತಾಗಲಿಲ್ಲ. 55ರಲ್ಲಿ 10 ಹೋಗಿ 45, ಅಂದರೆ 3.75. ಮೂವರಲ್ಲಿ ಕೊನೆ. ವೇಗಕ್ಕೆ ಬೆಲೆ ಇದೆ, ಆದರೆ ಒಂದೇ ಒಂದು ತಪ್ಪು ಆ ವೇಗವನ್ನೆಲ್ಲ ನುಂಗಿಬಿಡುತ್ತೆ.

ಹಾಗಾದ್ರೆ ಗದಗಿನಲ್ಲಿ ಕೂತು ಇದನ್ನೇ ಶುರು ಮಾಡಬಹುದಾ? ಆಗಲ್ಲ. ಐಪಿಎಸ್‌ಸಿ ಪಿಸ್ತೂಲು ಸ್ಪರ್ಧೆಗೆ ಕನಿಷ್ಠ 9 ಎಂಎಂ ಗುಂಡು ಬೇಕು. ನಮ್ಮ ದೇಶದಲ್ಲಿ 9 ಎಂಎಂ ನಾಗರಿಕರಿಗೆ ನಿಷೇಧಿತ ಬೋರ್. ಇನ್ನು ಸಾಮಾನ್ಯ ಬಂದೂಕಿನ ಲೈಸೆನ್ಸಿಗೂ 21 ವರ್ಷ ತುಂಬಿರಬೇಕು. ಹಾಗಂತ ಬಾಗಿಲು ಮುಚ್ಚಿದೆ ಅಂದುಕೋಬೇಡಿ. ಪಕ್ಕದಲ್ಲೇ ಇನ್ನೊಂದು ಬಾಗಿಲಿದೆ, 10 ಮೀಟರ್ ಏರ್ ಪಿಸ್ತೂಲ್. ಒಲಿಂಪಿಕ್ಸಿನಲ್ಲಿರುವ ಆಟ, ಲೈಸೆನ್ಸ್ ಬೇಡ, ನಮ್ಮ ವಯಸ್ಸಿಗೆ ಸರಿ. ಇದರಲ್ಲಿ ಕೈ ಕುದುರಿದ ಮೇಲೆ ಕ್ಲಬ್ಬಿನ ಮೂಲಕ .22 ಪಿಸ್ತೂಲಿನ 25 ಮೀಟರ್ ಆಟಗಳಿಗೆ ಹೋಗಬಹುದು. ಅಲ್ಲಿನ ರ್‍ಯಾಪಿಡ್ ಫೈರ್ ವಿಭಾಗದಲ್ಲಿ ಐದು ಗುರಿಗೆ ಐದು ಗುಂಡು, 8 ಸೆಕೆಂಡಿನಲ್ಲಿ, ಆಮೇಲೆ 6, ಆಮೇಲೆ 4. ಲಂಡನ್ 2012ರಲ್ಲಿ ಸೇನೆಯ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಇದರಲ್ಲೇ. ವೇಗದ ಆಸೆ ಇದ್ದವರಿಗೆ ನಮ್ಮ ದೇಶದಲ್ಲಿ ಹತ್ತಿರದ ದಾರಿ ಅದು.

ಕಾನೂನು: ಮೊದಲು ಇದನ್ನ ಓದಿ

ಆಯುಧ ಕಾಯ್ದೆ ಅಂದರೆ ನಮ್ಮ ಸೀಮೆಗೆ ಬರೀ ಪುಸ್ತಕದ ಮಾತಲ್ಲ. 1857ರಲ್ಲಿ ಮುಧೋಳ ಕಡೆಯ ಹಲಗಲಿ ಬೇಡರು ಎದ್ದದ್ದು ಬ್ರಿಟಿಷರ ನಿಶ್ಶಸ್ತ್ರೀಕರಣ ಕಾಯ್ದೆಯ ವಿರುದ್ಧ. ಮರುವರ್ಷ ಮುಂಡರಗಿ ಭೀಮರಾಯ ಬಂಡೆದ್ದು ಕೊಪ್ಪಳದ ಕೋಟೆಯಲ್ಲಿ ಪ್ರಾಣ ಕೊಟ್ಟ. ಆಮೇಲೆ 1878ರ ಕಾಯ್ದೆ ಬಂತು, ಸ್ವಾತಂತ್ರ್ಯದ ನಂತರ 1959ರದು. ಇವತ್ತು ನಡೆಯುತ್ತಿರುವುದು 1959ರ ಕಾಯ್ದೆ ಮತ್ತು 2016ರ ನಿಯಮಗಳು.

ನಮಗೆ ಬೇಕಾದದ್ದು ಇಷ್ಟು. 4.5 ಎಂಎಂ ಬೋರಿನ, 20 ಜೂಲಿಗಿಂತ ಕಡಿಮೆ ಶಕ್ತಿಯ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಕಿಲ್ಲ. ಅಂಗಡಿಯವರು ಗುರುತಿನ ಚೀಟಿ ಕೇಳಿ ದಾಖಲೆ ಮಾಡಿಕೊಳ್ಳುತ್ತಾರೆ, ಕೊಡಿ. ಪಂದ್ಯದ ಪಿಸ್ತೂಲಿನ ಶಕ್ತಿ ಎಷ್ಟು ಅಂತ ನೀವೇ ಲೆಕ್ಕ ಹಾಕಬಹುದು. ಪೆಲೆಟ್ ಅರ್ಧ ಗ್ರಾಂ, ವೇಗ ಸೆಕೆಂಡಿಗೆ ಸುಮಾರು 150 ಮೀಟರ್. ಚಲನ ಶಕ್ತಿ 5.6 ಜೂಲು. ಮಿತಿಗಿಂತ ಎಷ್ಟೋ ಕೆಳಗೆ. ಆದರೂ ಒಂದು ಕಣ್ಣು ಕಳೆಯೋಕೆ ಅಷ್ಟು ಸಾಕು.

ಅದಕ್ಕೇ ನಮ್ಮ ನಾಲ್ಕು ಕಡ್ಡಾಯ ನಿಯಮ:

1. ಹಾಸ್ಟೆಲ್ಲಿಗೆ, ಕ್ಯಾಂಪಸ್ಸಿಗೆ ಯಾವ ಪಿಸ್ತೂಲೂ ಬರಬಾರದು. ಆಟಿಕೆಯಂತೆ ಕಾಣೋದೂ ಬೇಡ. ಹಿಡಿದು ನಿಂತ ಫೋಟೋ ಸ್ಟೇಟಸ್ಸಿಗೆ ಹಾಕೋದು ಬೇಡವೇ ಬೇಡ. ನೋಡಿದವರಿಗೆ ಅದು ಏರ್ ಪಿಸ್ತೂಲೋ ಇನ್ನೊಂದೋ ಗೊತ್ತಾಗಲ್ಲ, ಪೊಲೀಸರಿಗೂ ದೂರದಿಂದ ಗೊತ್ತಾಗಲ್ಲ.

2. "ಅಲ್ಲಿ ಒಬ್ಬಾಂವ ಕಂಟ್ರಿ ಪಿಸ್ತೂಲ್ ಕೊಡ್ತಾನ" ಅನ್ನೋ ಮಾತು ಕಿವಿಗೆ ಬಿದ್ದರೆ ಆ ಜಾಗ ಬಿಟ್ಟು ಎದ್ದು ಬನ್ನಿ. ಅದು ಕ್ರೀಡೆಯಲ್ಲ, ಜೈಲು.

3. ಪ್ರಾಣಿ ಪಕ್ಷಿಗಳ ಕಡೆ ಪಿಸ್ತೂಲು ತಿರುಗಿಸಬೇಡಿ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರ್ತಾವೆ. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಕಪ್ಪತಗುಡ್ಡ ವನ್ಯಜೀವಿ ಧಾಮ. "ಸುಮ್ನೆ ಗುಡ್ಡದಾಗ ಪ್ರಾಕ್ಟೀಸ್ ಮಾಡೂಣು" ಅನ್ನೋದು ಅಪರಾಧಕ್ಕೆ ಹೋಗುವ ದಾರಿ.

4. ಖಾಲಿ ಇದ್ದರೂ ತುಂಬಿದೆ ಅಂತಲೇ ಹಿಡಿಯಬೇಕು. ನಳಿಗೆ ಯಾವಾಗಲೂ ಗುರಿಯ ಕಡೆ, ಹೊಡೆಯುವವರೆಗೆ ಬೆರಳು ಟ್ರಿಗರ್ ಹೊರಗೆ. ಐಪಿಎಸ್‌ಸಿ ಪಂದ್ಯದಲ್ಲಿ ನಳಿಗೆ ಹಿಂದಕ್ಕೆ ತಿರುಗಿದರೆ, ಪಿಸ್ತೂಲು ಕೈಜಾರಿ ಬಿದ್ದರೆ, ಅಲ್ಲಿಗೆ ಆಟ ಮುಗೀತು, ಮನೆಗೆ. ಎಷ್ಟೇ ದೊಡ್ಡ ಆಟಗಾರನಾಗಿರಲಿ.

ನಾವು ಎಡವಿದ್ದು ಎಲ್ಲಿ

ನಮ್ಮ ಪಿಸ್ತೂಲು ಬಂದಾಗ ಮುಂಡರಗಿಯವನ ಹೊಲದ ಶೆಡ್ಡಿನಲ್ಲಿ ಹತ್ತು ಮೀಟರ್ ಅಳೆದು, ಹಿಂದೆ ಮಣ್ಣಿನ ಚೀಲ ಪೇರಿಸಿ ಶುರು ಮಾಡಿದೆವು. ಪೆಲೆಟ್ಟುಗಳು ಕಾರ್ಡಿನ ತುಂಬ ಚೆಲ್ಲಾಪಿಲ್ಲಿ. ಮೊದಲ ವಾರ ನಕ್ಕೆವು. ಎರಡನೇ ವಾರ ಸೈಟ್ ತಿರುಗಿಸಿದೆವು. ಮೂರನೇ ವಾರ ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿದೆವು. ಶಿರಹಟ್ಟಿಯವ ಕಿರಾಣಿ ಅಂಗಡಿಯಿಂದ ಸ್ಪ್ರಿಂಗ್ ತಕ್ಕಡಿ ತಂದು ಟ್ರಿಗರಿಗೆ ಕಟ್ಟಿ ಎಳೆದ. ಹತ್ತಿರ ಹತ್ತಿರ ಎರಡು ಕೆಜಿ! ಪಿಸ್ತೂಲಿನ ತೂಕಕ್ಕಿಂತ ಟ್ರಿಗರ್ ಎಳೆಯುವ ಬಲವೇ ಜಾಸ್ತಿ. ಪಂದ್ಯದ ಏರ್ ಪಿಸ್ತೂಲಿನಲ್ಲಿ ಟ್ರಿಗರಿನ ಕನಿಷ್ಠ ಮಿತಿ 500 ಗ್ರಾಂ.

ಕೊನೆಗೆ ಆ ಪಿಸ್ತೂಲನ್ನೂ ಕಾರ್ಡುಗಳನ್ನೂ ಹುಬ್ಬಳ್ಳಿಯ ಒಬ್ಬ ಕೋಚ್ ಹತ್ತಿರ ಒಯ್ದೆವು. ಅವರು ಕಾರ್ಡುಗಳನ್ನ ಬೆಳಕಿಗೆ ಹಿಡಿದು ನೋಡಿ ಅಂದದ್ದು ನಮಗೆ ಇವತ್ತಿಗೂ ಪಾಠ: "ತಮ್ಮಾ, ಇದರಾಗ ನಿಮ್ಮ ತಪ್ಪು ಯಾವುದು, ಪಿಸ್ತೂಲಿನ ತಪ್ಪು ಯಾವುದು ಅಂತ ನನಗ ತಿಳಿಯವಲ್ದು. ನಿಮಗ ಹೆಂಗ ತಿಳೀತದ?"

ಲ್ಯಾಬಿನಲ್ಲಿ ಇದನ್ನೇ ಅಲ್ಲವಾ ನಮಗೆ ಕಲಿಸೋದು! ಅಳೆಯುವ ಉಪಕರಣದ ದೋಷ ಅಳತೆಯ ದೋಷಕ್ಕಿಂತ ದೊಡ್ಡದಾದರೆ ಆ ರೀಡಿಂಗಿಗೆ ಅರ್ಥವಿಲ್ಲ. ವರ್ನಿಯರ್ ಹಿಡಿದು ಅದನ್ನ ರೆಕಾರ್ಡ್ ಬುಕ್ಕಿನಲ್ಲಿ ಬರೆದವರು ನಾವು, ಹೊಲದ ಶೆಡ್ಡಿನಲ್ಲಿ ಮರೆತೆವು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಇದ್ದ ದುಡ್ಡನ್ನೆಲ್ಲ ಪಿಸ್ತೂಲಿಗೇ ಸುರಿದಿದ್ದರಿಂದ ಹುಬ್ಬಳ್ಳಿಯ ಬಸ್ಸಿಗೂ, ರೇಂಜಿನ ಫೀಗೂ, ಎರಡನೇ ಡಬ್ಬಿ ಪೆಲೆಟ್ಟಿಗೂ ಕೈಯಲ್ಲಿ ಏನೂ ಉಳಿದಿರಲಿಲ್ಲ.

ಹತ್ತರ ಉಂಗುರದ ಗಣಿತ

ಈಗ ಪೆನ್ನು ತಗೊಳ್ಳಿ. ಸಲಕರಣೆಯಲ್ಲಿ ಯಾವುದು ಮುಖ್ಯ, ಯಾವುದು ಅಲ್ಲ ಅನ್ನೋದು ಈ ಲೆಕ್ಕದಲ್ಲೇ ಇದೆ.

ಗುರಿಯ ಕಾರ್ಡು 17 ಸೆಂಮೀ ಚೌಕ. ನಡುವಿನ ಹತ್ತರ ಉಂಗುರದ ವ್ಯಾಸ 11.5 ಮಿಮೀ, ಅಂಗಿಯ ಗುಂಡಿಯಷ್ಟು. ಪೆಲೆಟ್ ಗೆರೆಯನ್ನು ಮುಟ್ಟಿದರೂ ಒಳಗಿನ ಅಂಕವೇ ಸಿಗುತ್ತೆ. ಹಾಗಾಗಿ ಪೆಲೆಟ್ಟಿನ ಮಧ್ಯಬಿಂದು ಕಾರ್ಡಿನ ಮಧ್ಯದಿಂದ 5.75 ಮತ್ತು 2.25, ಒಟ್ಟು 8 ಮಿಮೀ ದೂರ ಇದ್ದರೂ ಹತ್ತು.

ತಪ್ಪು ಎರಡು ರೀತಿ ಆಗುತ್ತೆ. ಮೊದಲನೆಯದು ಸಮಾಂತರ ತಪ್ಪು. ಹಿಂದಿನ ಮುಂದಿನ ಸೈಟ್ ಎರಡೂ ಸರಿಯಾಗಿ ಹೊಂದಿವೆ, ಆದರೆ ಕೈ ನಡುಗಿ ಪಿಸ್ತೂಲು ಇಡಿಯಾಗಿ ಪಕ್ಕಕ್ಕೆ ಸರಿದಿದೆ. 8 ಮಿಮೀ ಸರಿದರೆ ಗುರಿಯಲ್ಲೂ 8 ಮಿಮೀ. ಇನ್ನೂ ಹತ್ತೇ.

ಎರಡನೆಯದು ಕೋನದ ತಪ್ಪು. ಪಿಸ್ತೂಲು ಜಾಗದಲ್ಲೇ ಇದೆ, ಮಣಿಕಟ್ಟು ಸ್ವಲ್ಪ ತಿರುಗಿ ಮುಂದಿನ ಸೈಟು ಹಿಂದಿನದರ ಕಂಡಿಯಲ್ಲಿ ಪಕ್ಕಕ್ಕೆ ಜರುಗಿದೆ. ಎರಡು ಸೈಟುಗಳ ನಡುವಿನ ದೂರ 320 ಮಿಮೀ ಅಂದುಕೊಳ್ಳಿ, ಗುರಿ 10,000 ಮಿಮೀ ದೂರ. ಸಮರೂಪ ತ್ರಿಭುಜ ಹಾಕಿದರೆ ತಪ್ಪು 31 ಪಟ್ಟು ದೊಡ್ಡದಾಗುತ್ತೆ. ಮುಂದಿನ ಸೈಟು ಕಾಲು ಮಿಲಿಮೀಟರ್ ಜರುಗಿದರೆ ಹತ್ತರ ಅಂಚಿಗೆ ಬಂದಿರಿ. ಒಂದು ಮಿಲಿಮೀಟರ್ ಜರುಗಿದರೆ ಗುರಿಯಲ್ಲಿ 31 ಮಿಮೀ, ಹತ್ತರ ಬದಲು ಏಳು.

ಇದರಿಂದ ಮೂರು ಮಾತು ಹೊರಡುತ್ತವೆ.

ಒಂದು, ಕೈ ನಡುಗುತ್ತೆ ಅಂತ ಹೆದರಬೇಡಿ. ಎಲ್ಲರದ್ದೂ ನಡುಗುತ್ತೆ. ನಡುಕಕ್ಕೆ 8 ಮಿಮೀ ಜಾಗ ಇದೆ, ಸೈಟಿಗೆ ಇರೋದು ಕಾಲು ಮಿಮೀ.

ಎರಡು, ಕಣ್ಣು ಮುಂದಿನ ಸೈಟಿನ ಮೇಲಿರಬೇಕು. ಅದು ಚೂಪಾಗಿ ಕಾಣಬೇಕು, ಗುರಿ ಮಸುಕಾಗಿ ಕಂಡರೆ ಕಾಣಲಿ. ಹೊಸಬರೆಲ್ಲ ಇದನ್ನೇ ಉಲ್ಟಾ ಮಾಡ್ತಾರೆ, ನಾವೂ ಮಾಡಿದ್ದೆವು.

ಮೂರು, ಸಲಕರಣೆಯಲ್ಲಿ ಮುಖ್ಯವಾದದ್ದು ಹಿಡಿ ಮತ್ತು ಟ್ರಿಗರ್. ಹಿಡಿ ಕೈಗೆ ಹೊಂದದಿದ್ದರೆ ಪ್ರತಿ ಸಲ ಮಣಿಕಟ್ಟು ತಿರುಚಬೇಕಾಗುತ್ತೆ. ಟ್ರಿಗರ್ ಗಟ್ಟಿಯಿದ್ದರೆ ಕೊನೆಯ ಕ್ಷಣದಲ್ಲಿ ಬೆರಳೇ ಸೈಟನ್ನು ಜರುಗಿಸುತ್ತೆ. ಎರಡೂ ಕೋನದ ತಪ್ಪು, ಎರಡೂ 31 ಪಟ್ಟು. ಬ್ರಾಂಡ್, ಬಣ್ಣ, ಕಾರ್ಬನ್ ಫೈಬರ್ ಎಲ್ಲ ಆಮೇಲಿನ ಮಾತು.

ಎಂಟು ವಾರ, ಸ್ವಂತ ಪಿಸ್ತೂಲಿಲ್ಲದೆ

ಒಂದು ಮತ್ತು ಎರಡನೇ ವಾರ: ಒಂದು ಲೀಟರ್ ನೀರಿನ ಬಾಟಲಿ ಸಾಕು. ತೂಕ ಸುಮಾರು ಒಂದು ಕೆಜಿ, ಪಂದ್ಯದ ಪಿಸ್ತೂಲೂ ಹೆಚ್ಚು ಕಡಿಮೆ ಅಷ್ಟೇ. ತೋಳು ನೇರ ಚಾಚಿ ಕಣ್ಣಿನ ಮಟ್ಟಕ್ಕೆ ಹತ್ತು ಸೆಕೆಂಡು, ಅರ್ಧ ನಿಮಿಷ ವಿಶ್ರಾಂತಿ, ಹೀಗೆ ಹತ್ತು ಸಲ. ನಿಧಾನಕ್ಕೆ ಇಪ್ಪತ್ತು ಸೆಕೆಂಡಿಗೆ ಏರಿಸಿ. ಇನ್ನೊಂದು ಕೈಗೂ ಅಷ್ಟೇ ಮಾಡಿ, ಬೆನ್ನು ಒಂದೇ ಕಡೆ ವಾಲಬಾರದು. ಭುಜ ನೋವಾದರೆ ಅವತ್ತಿಗೆ ನಿಲ್ಲಿಸಿ.

ಮೂರು ಮತ್ತು ನಾಲ್ಕನೇ ವಾರ: ರೇಂಜಿಗೆ ಹೋಗಿ ಕ್ಲಬ್ಬಿನ ಪಿಸ್ತೂಲು ಹಿಡಿಯಿರಿ. ಕಾಲು ಭುಜದಷ್ಟು ಅಗಲ, ಗುರಿಗೆ ಪಕ್ಕವಾಗಿ ನಿಲುವು, ಖಾಲಿ ಕೈ ಜೇಬಿನಲ್ಲೋ ಬೆಲ್ಟಿನಲ್ಲೋ. ಕಣ್ಣು ಮುಚ್ಚಿ ತೋಳು ಎತ್ತಿ, ಕಣ್ಣು ತೆರೆಯಿರಿ. ಪಿಸ್ತೂಲು ಗುರಿಯ ಎಡಕ್ಕೋ ಬಲಕ್ಕೋ ಇದ್ದರೆ ತೋಳು ತಿರುಗಿಸಬೇಡಿ, ಹಿಂದಿನ ಪಾದ ಸರಿಸಿ. ಇದನ್ನ ನೂರು ಸಲ ಮಾಡಿದ ಮೇಲೆ ಕಾಲಿಗೇ ತನ್ನ ಜಾಗ ಗೊತ್ತಾಗುತ್ತೆ.

ಐದು ಮತ್ತು ಆರನೇ ವಾರ: ಡ್ರೈ ಫೈರ್. ಪೆಲೆಟ್ ಇಲ್ಲ, ಎದುರಿಗೆ ಬಿಳಿ ಗೋಡೆ. ಟ್ರಿಗರ್ ಒತ್ತುವಾಗ ಮುಂದಿನ ಸೈಟು ಅಲುಗುತ್ತಾ ಅಂತ ಮಾತ್ರ ನೋಡಬೇಕು. ಬೋರ್ ಹೊಡೆಯುವ ಕೆಲಸ, ಖರೆ. ಆದರೆ ನಮ್ಮ ಅಂಕ ಏರಿದ್ದು ಇದರಿಂದಲೇ.

ಏಳು ಮತ್ತು ಎಂಟನೇ ವಾರ: ಕಾರ್ಡನ್ನು ತಿರುಗಿಸಿ ಹಿಂಬದಿಯ ಬಿಳಿ ಹಾಳೆಗೆ ಹತ್ತತ್ತು ಪೆಲೆಟ್ ಹೊಡೆಯಿರಿ. ಉಂಗುರಗಳಿಲ್ಲ, ಅಂಕವಿಲ್ಲ, ಗುಂಪು ಮಾತ್ರ. ಹತ್ತೂ ತೂತು ಒತ್ತೊತ್ತಾಗಿ ಒಂದು ಮೂಲೆಯಲ್ಲಿ ಬಿದ್ದಿದ್ದರೆ ಸೈಟ್ ತಿರುಗಿಸಿದರಾಯ್ತು. ಹಾಳೆಯ ತುಂಬ ಹರಡಿದ್ದರೆ ಸ್ಕ್ರೂ ಮುಟ್ಟಬೇಡಿ, ಡ್ರೈ ಫೈರಿಗೆ ವಾಪಸ್ ಹೋಗಿ. ಸರಾಸರಿ ಬೇರೆ, ಚದುರುವಿಕೆ ಬೇರೆ ಅಂತ ಗಣಿತದಲ್ಲಿ ಓದಿದ್ದು ಇಲ್ಲಿ ಕೈಗೆ ಸಿಗುತ್ತೆ. ಪ್ರತಿ ಗುಂಪಿನ ಅಗಲವನ್ನು ದಿನಾಂಕ ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ.

ದುಡ್ಡು ಯಾವ ಕ್ರಮದಲ್ಲಿ ಖರ್ಚಾಗಬೇಕು

ಮೊದಲು ಬಸ್ಸಿನ ಪಾಸು, ರೇಂಜಿನ ಫೀ. ಗದಗಿನಿಂದ ಹುಬ್ಬಳ್ಳಿ ಸುಮಾರು 60 ಕಿಮೀ. "ಅಷ್ಟು ದೂರ ಯಾರು ಹೋಗ್ತಾರ?" ಅನ್ನುವವರಿಗೆ ನಮ್ಮೂರಿನದೇ ಉದಾಹರಣೆ ಇದೆ. ಗದಗಿನ ಸುನೀಲ್ ಜೋಶಿ ಹುಡುಗನಾಗಿದ್ದಾಗ ಬೆಳಿಗ್ಗೆ ಎದ್ದು ಹುಬ್ಬಳ್ಳಿಗೆ ಹೋಗಿ ಕ್ರಿಕೆಟ್ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ತಿರುಗಿ ಬರುತ್ತಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರಿನಲ್ಲಿ 6 ರನ್ ಕೊಟ್ಟು 5 ವಿಕೆಟ್ ತೆಗೆದ ಕೈ ಅದು. ನಮ್ಮದು ವಾರಕ್ಕೆ ಎರಡು ದಿನದ ಮಾತು.

ಎರಡನೆಯದು ಕಣ್ಣಿನ ಪರೀಕ್ಷೆ. ಚಷ್ಮಾ ಇದ್ದವರು ನಂಬರ್ ಸರಿಯಿದೆಯಾ ನೋಡಿಸಿ. "ಚಾಚಿದ ಕೈಯ ದೂರದಲ್ಲಿರೋದು ನನಗೆ ಸ್ಪಷ್ಟ ಕಾಣಬೇಕು" ಅಂತ ಡಾಕ್ಟರಿಗೆ ಬಿಡಿಸಿ ಹೇಳಿ. ಇನ್ನೊಂದು ಕಣ್ಣು ಮುಚ್ಚಿಕೊಳ್ಳೋ ಬದಲು ಚಷ್ಮಾಕ್ಕೆ ಸಣ್ಣ ಬಿಳಿ ಪಟ್ಟಿ ಸಿಕ್ಕಿಸಿ. ನಿಯಮದ ಪ್ರಕಾರ ಅದರ ಅಗಲ 30 ಮಿಮೀ ಮೀರಬಾರದು.

ಮೂರನೆಯದು ಚಪ್ಪಟೆ ತಳದ ಶೂ. ಪಿಸ್ತೂಲ್ ಪಂದ್ಯದಲ್ಲಿ ಶೂ ಕಾಲಿನ ಹರಡಿನ ಮೂಳೆ ಮುಚ್ಚುವಂತಿಲ್ಲ. ಸಾದಾ ಕ್ಯಾನ್ವಾಸ್ ಶೂ ನಡೆಯುತ್ತೆ. ಜೊತೆಗೆ ಇಯರ್‌ಪ್ಲಗ್.

ನಾಲ್ಕನೆಯದು ಪೆಲೆಟ್. ಚಪ್ಪಟೆ ತಲೆಯವೇ ಆಗಬೇಕು, ಕಾಗದದಲ್ಲಿ ಸ್ವಚ್ಛ ತೂತು ಬೀಳುತ್ತೆ. ಒಂದು ಪಂದ್ಯ ಅಂದರೆ 60 ಗುಂಡು. ವಾರಕ್ಕೆ ಎರಡು ಸಲ ಅಷ್ಟಷ್ಟು ಹೊಡೆದರೆ 500ರ ಡಬ್ಬಿ ಒಂದು ತಿಂಗಳು ಬರುತ್ತೆ. ಪೆಲೆಟ್ ಸೀಸದ್ದು, ಆದ್ದರಿಂದ ಹೊಡೆದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಗಿರಮಿಟ್ ಮುಟ್ಟಬೇಡಿ.

ಕೊನೆಯದು ಪಿಸ್ತೂಲು.

ಕೊಳ್ಳುವ ದಿನ ಬಂದಾಗ

ಕ್ಲಬ್ಬಿನ ಪಿಸ್ತೂಲಿನಲ್ಲಿ ನಿಮ್ಮ ಗುಂಪಿನ ಅಗಲ ಒಂದು ತಿಂಗಳು ಹೆಚ್ಚು ಕಡಿಮೆ ಒಂದೇ ರೀತಿ ಬಂದಿದೆ, ಒಂದಾದರೂ ಪಂದ್ಯ ಆಡಿದ್ದೀರಿ. ಈಗ ಯೋಚಿಸಬಹುದು. ಸ್ಟೇಯರ್, ಮೊರಿನಿ, ವಾಲ್ಟರ್, ಪಾರ್ದಿನಿ, ಫೈನ್‌ವರ್ಕ್‌ಬಾವ್, ರೇಂಜಿನಲ್ಲಿ ಕೇಳುವ ಹೆಸರುಗಳು ಇವು. ಎಲ್ಲ ಹೊರದೇಶದವು, ಬೆಲೆ ಲಕ್ಷದ ಮಾತು. ಎಲ್ಲವೂ ನಿಮ್ಮ ಕೈಗಿಂತ ಚೆನ್ನಾಗಿ ಹೊಡೆಯುತ್ತವೆ. ಹಾಗಾಗಿ ಯಾವುದು ಶ್ರೇಷ್ಠ ಅಂತ ಜಗಳ ಬೇಡ. ನೋಡಬೇಕಾದದ್ದು ಇಷ್ಟು:

ಹಿಡಿ. ಎಡಗೈ ಬಲಗೈ ಬೇರೆ, ಸಣ್ಣ ಮಧ್ಯಮ ದೊಡ್ಡ ಅಳತೆ ಬೇರೆ. ಕಣ್ಣು ಮುಚ್ಚಿ ಎತ್ತಿ ತೆರೆದಾಗ ಸೈಟು ತಾನಾಗೇ ಹೊಂದಿರಬೇಕು. ಲಕ್ಷ್ಮೇಶ್ವರದವಳ ಕೈ ಸಣ್ಣದು. ನಮ್ಮ ಪಿಸ್ತೂಲನ್ನು ಅವಳು ಒಂದು ದಿನವೂ ಸರಿಯಾಗಿ ಹಿಡಿಯೋಕಾಗಲಿಲ್ಲ, ನಾವು ಮೂವರು "ನಿನಗ ಬರೂದಿಲ್ಲ ಬಿಡು" ಅಂದುಬಿಟ್ಟಿದ್ದೆವು. ಕ್ಲಬ್ಬಿನಲ್ಲಿ ಸಣ್ಣ ಹಿಡಿ ಸಿಕ್ಕಮೇಲೆ ನಮ್ಮ ನಾಲ್ವರಲ್ಲಿ ಅವಳ ಗುಂಪೇ ಚಿಕ್ಕದು. ಆ ಮಾತಿಗೆ ನಾವು ಅವಳ ಕ್ಷಮೆ ಕೇಳಿದ್ದೇವೆ, ಇಲ್ಲಿ ಮತ್ತೊಮ್ಮೆ.

ತೂಕ ಮತ್ತು ಅಳತೆ. ಪಿಸ್ತೂಲು 1,500 ಗ್ರಾಂ ಮೀರಬಾರದು, 420, 200, 50 ಮಿಮೀ ಅಳತೆಯ ಪೆಟ್ಟಿಗೆಯಲ್ಲಿ ಹಿಡಿಸಬೇಕು. ಹಗುರವಾದ ಪಿಸ್ತೂಲು ತಗೊಂಡು ಆಮೇಲೆ ತೂಕ ಸೇರಿಸಬಹುದು, ಭಾರವಾದದ್ದನ್ನ ಹಗುರ ಮಾಡೋದು ಕಷ್ಟ.

ಗಾಳಿಯ ಸಿಲಿಂಡರ್. ಇವು 200 ಬಾರ್ ಒತ್ತಡದ ಗಾಳಿಯಿಂದ ನಡೆಯುತ್ತವೆ. ಸಿಲಿಂಡರಿಗೆ ಹತ್ತು ವರ್ಷದ ಆಯಸ್ಸು, ತಾರೀಖು ಅದರ ಮೇಲೇ ಕೆತ್ತಿರುತ್ತೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಮೊದಲು ಅದನ್ನ ಓದಿ. ಗಾಳಿ ಎಲ್ಲಿ ತುಂಬಿಸ್ತೀರಿ ಅನ್ನೋದೂ ಗೊತ್ತಿರಲಿ. ಕೈಪಂಪೋ ದೊಡ್ಡ ಸಿಲಿಂಡರೋ, ಅದರ ಖರ್ಚನ್ನೂ ಮೊದಲೇ ಕೂಡಿಸಿಕೊಳ್ಳಿ.

ರಿಪೇರಿ. ಟೋಕಿಯೊ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಅವರ ಪಿಸ್ತೂಲು ಅರ್ಹತಾ ಸುತ್ತಿನ ನಡುವೆ ಕೆಟ್ಟಿತು. ಸಮಯ ಹೋಯ್ತು, 575 ಅಂಕಕ್ಕೆ 12ನೇ ಸ್ಥಾನ, ಫೈನಲ್ ತಪ್ಪಿತು. ಅದೇ ಮನು ಪ್ಯಾರಿಸ್ 2024ರಲ್ಲಿ ಎರಡು ಕಂಚು ಗೆದ್ದರು. ಅಂಥ ಆಟಗಾರರಿಗೇ ಹೀಗಾಗುತ್ತೆ ಅಂದರೆ, ಬಿಡಿಭಾಗ ಸಿಗದ, ರಿಪೇರಿ ಮಾಡೋರಿಲ್ಲದ ಪಿಸ್ತೂಲನ್ನ ನಾವು ಕೊಳ್ಳಲೇಬಾರದು. ನಿಮ್ಮ ರೇಂಜಿನಲ್ಲಿ ಹೆಚ್ಚು ಜನ ಯಾವುದು ಬಳಸ್ತಾರೋ ಅದೇ ತಗೊಳ್ಳಿ, ಒಂದು ಓ-ರಿಂಗ್ ಬೇಕಾದಾಗ ಪಕ್ಕದವರ ಹತ್ತಿರ ಸಿಗುತ್ತೆ.

ಪ್ಯಾರಿಸ್ ಅಂದಕೂಡಲೆ ಟರ್ಕಿಯ ಯೂಸುಫ್ ದಿಕೇಚ್ ನೆನಪಾಗ್ತಾರೆ. ಸಾದಾ ಚಷ್ಮಾ, ಜೇಬಿನಲ್ಲಿ ಒಂದು ಕೈ, ಮಿಶ್ರ ತಂಡದಲ್ಲಿ ಬೆಳ್ಳಿ. "ನೋಡಲೇ, ಏನೂ ಬೇಕಾಗಿಲ್ಲ" ಅಂತ ನಾವೂ ಮೀಮ್ ಹಂಚಿದವರೇ. ಆದರೆ ಅವರ ಕೈಯಲ್ಲಿದ್ದದ್ದು ಪಂದ್ಯದ ಪಿಸ್ತೂಲೇ, ಕಿವಿಯಲ್ಲಿ ಸಣ್ಣ ಇಯರ್‌ಪ್ಲಗ್ ಇತ್ತು. ವರ್ಷಗಟ್ಟಲೆ ಆಡಿ ತನಗೆ ಏನು ಬೇಡ ಅಂತ ಅವರಿಗೆ ಗೊತ್ತಾಗಿತ್ತು. ನಮಗೆ ಇನ್ನೂ ಗೊತ್ತಿಲ್ಲ, ಅಷ್ಟೇ ವ್ಯತ್ಯಾಸ.

ಮುಂದಿನ ಮೆಟ್ಟಿಲುಗಳು

ದೇಶದ ಸಂಸ್ಥೆ ಎನ್‌ಆರ್‌ಎಐ, 1951ರಲ್ಲಿ ಶುರುವಾದದ್ದು. ನಮ್ಮ ರಾಜ್ಯದ್ದು ಕರ್ನಾಟಕ ರಾಜ್ಯ ರೈಫಲ್ ಅಸೋಸಿಯೇಷನ್. ಕ್ಲಬ್ಬಿನ ಮೂಲಕ ರಾಜ್ಯ ಸ್ಪರ್ಧೆ, ಅಲ್ಲಿ ಅರ್ಹತಾ ಅಂಕ ಬಂದರೆ ಮುಂದಿನ ಹಂತ, ಆಮೇಲೆ ರಾಷ್ಟ್ರೀಯ. ವಿದ್ಯಾರ್ಥಿಗಳಿಗೆ ಇನ್ನೊಂದು ದಾರಿ ಅಂತರ ವಿಶ್ವವಿದ್ಯಾಲಯ ಸ್ಪರ್ಧೆ. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲೂ ಶೂಟಿಂಗ್ ಇತ್ತು. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರನ್ನು ಈ ಸೆಮಿಸ್ಟರಿನಲ್ಲೇ ಕೇಳಿ. ಎನ್‌ಸಿಸಿಯಲ್ಲಿ ಇದ್ದವರಿಗೆ .22 ರೈಫಲ್ ಹಿಡಿಯುವ ಅವಕಾಶವೂ ಇದೆ.

ನಮ್ಮ ರಾಜ್ಯದವರೇ ದೂರ ಹೋಗಿದ್ದಾರೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಕೆನಡಾದ ಇಂಜಿನಿಯರ್ ಕೆಲಸ ಬಿಟ್ಟು ಬಂದು ಪಿಸ್ತೂಲು ಹಿಡಿದರು. 2013ರಲ್ಲಿ ವಿಶ್ವಕಪ್ ಕಂಚು ಗೆದ್ದರು, ಅದೇ ವರ್ಷ ಮುಖದ ಒಂದು ಬದಿಗೆ ಪಾರ್ಶ್ವವಾಯು ಆಯಿತು. ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ. ದಿವ್ಯಾ ಟಿ.ಎಸ್. ಹಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ ಸರಬ್ಜೋತ್ ಸಿಂಗ್ ಜೊತೆ ಮಿಶ್ರ ತಂಡದ ಬೆಳ್ಳಿ ತಂದರು.

ನಾವು ಇನ್ನೂ ಅಲ್ಲಿಗೆಲ್ಲ ಹೋಗಿಲ್ಲ. ಮುಂಡರಗಿಯವ ತನ್ನ ಮೊದಲ ಪಂದ್ಯದಲ್ಲಿ 600ಕ್ಕೆ 498 ಹೊಡೆದ. ಕ್ಲಬ್ಬಿನ ಪಿಸ್ತೂಲು, ಕ್ಯಾನ್ವಾಸ್ ಶೂ. ಅಂಕದ ಚೀಟಿ ಒಯ್ದು ಅಪ್ಪನಿಗೆ ತೋರಿಸಿದ. ಅವರು ಅದನ್ನ ಓದಿ, ತಿಜೋರಿ ಮೇಲೆ ನೋಡಿ, "ಮತ್ತ ಅದು?" ಅಂದರಂತೆ. "ಅದರಿಂದ ಕಲತದ್ದ ಇದು, ಅಪ್ಪಾ" ಅಂದನಂತೆ ಇವ. ಅವರು ಮತ್ತೇನೂ ಕೇಳಲಿಲ್ಲ. ಈ ವರ್ಷ ಉಳ್ಳಾಗಡ್ಡಿ ರೇಟ್ ಬಿದ್ದಿದೆ, ಹೊಸ ಪಿಸ್ತೂಲಿನ ಮಾತು ನಮ್ಮಲ್ಲಿ ಯಾರೂ ಎತ್ತಿಲ್ಲ. ಬಸ್ಸಿನ ದುಡ್ಡು ಮಾತ್ರ ಪ್ರತಿ ತಿಂಗಳು ಮೊದಲೇ ತೆಗೆದಿಡ್ತೀವಿ.

ಬರೋ ಶನಿವಾರ ಗದಗ ಬಸ್ ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿಯ ಮೊದಲ ಬಸ್ಸಿಗೆ ನಾವು ಇರ್ತೀವಿ. ಖಾಲಿ ಕೈಯಲ್ಲಿ ಬನ್ನಿ. ನೀರಿನ ಬಾಟಲಿ ಒಂದು ಇರಲಿ.